ಡೀಸೆಲ್ ಕೇಳದ ಬ್ಯಾಂಜೊ

ಕಲಬುರಗಿಯ ಗಾಜಿಪುರದ ಮಕ್ಬೂಲನಿಗೆ ಹೊಟ್ಟೆಕಿಚ್ಚು ಇತ್ತು. ಇದು ಚಾಡಿಮಾತಲ್ಲ. ಅವನನ್ನೇ ಕೇಳಿದರೂ "ಹೌದ್ರಿ, ಅದ. ಏನೀಗ?" ಎನ್ನುತ್ತಾನೆ. ಅದೂ ಸಣ್ಣಪುಟ್ಟ ಕಿಚ್ಚಲ್ಲ, ಉಣ್ಣುವಾಗ ತುತ್ತು ಗಂಟಲಲ್ಲೇ ನಿಲ್ಲುವಂಥದ್ದು. ಹೆಂಡತಿ ದಿಲ್‌ಶಾದ್ ಬೇಗಂ ಮೊದಮೊದಲು ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟಳು. ಆಮೇಲೆ ಪಿತ್ತದ ಹೆಸರು ಸಾಯಿಕುಮಾರ ಎಂದು ಗೊತ್ತಾಯಿತು.

ಸಾಯಿಕುಮಾರ ಮೂರು ವರ್ಷದ ಹಿಂದಿನವರೆಗೆ ಮಕ್ಬೂಲನ ಬ್ಯಾಂಡಿನಲ್ಲೇ ಗಿಟಾರ್ ಬಾರಿಸುತ್ತಿದ್ದವನು. ಈಗ ಒಬ್ಬನೇ ಊರೂರು ತಿರುಗಿ ಹಾಡುತ್ತಾನೆ. ಅವನ ಸ್ಟೇಟಸ್ ನೋಡಬೇಕು ನೀವು: ಇವತ್ತು ಹುಬ್ಬಳ್ಳಿ, ನಾಳೆ ದಾವಣಗೆರೆ, ನಾಡಿದ್ದು ಸ್ಲೀಪರ್ ಬಸ್ಸಿನಲ್ಲಿ ಕಾಲು ಚಾಚಿಕೊಂಡ ಫೋಟೋ. ನೋಡಿದವರ ಪಟ್ಟಿಯಲ್ಲಿ ತನ್ನ ಹೆಸರು ಕಾಣಬಾರದೆಂದು ಮಕ್ಬೂಲ ಅದನ್ನು ಮಗಳ ಫೋನಿನಲ್ಲಿ ನೋಡುತ್ತಿದ್ದ. ಒಂಬತ್ತನೆಯ ಕ್ಲಾಸಿನ ಅಲ್ಫಿಯಾ ಒಂದು ದಿನ ಕೇಳಿಯೇಬಿಟ್ಟಳು: "ಅಬ್ಬಾ, ನನ್ನ ಹೆಸರರೆ ಕಾಣ್ತದಲ್ಲ, ಸಾಯಿ ಚಾಚಾಗ ತಿಳಿಯಂಗಿಲ್ಲೇನು?" (ಮನೆಯಲ್ಲಿ ಅವರದು ದಖನಿ ಉರ್ದು ಮಾತು, ಓದುವವರ ಅನುಕೂಲಕ್ಕೆ ಊರಿನ ಕನ್ನಡದಲ್ಲೇ ಹೇಳುವುದಾಗಿದೆ.) ಮಕ್ಬೂಲ ಆವತ್ತು ಫೋನು ತಿರುಗಿ ಕೊಟ್ಟ. ಮರುದಿನ ಮತ್ತೆ ಕೇಳಿದ.

ಸ್ಲೀಪರ್ ಬಸ್ಸಿನ ಫೋಟೋ ನೋಡಿದ ದಿನ ಅವನು ನಮಾಜಿನ ಕೊನೆಗೆ ಆ ಬಸ್ಸಿಗೆ ಏನಾದರೂ ಆಗಲಿ ಎಂದು ಬೇಡಿಕೊಂಡ. ಬೇಡಿಕೊಂಡ ಮೇಲೆ ಹೆದರಿಕೆಯಾಗಿ, ಅಪಘಾತವಲ್ಲ, ಬರೀ ಪಂಕ್ಚರ್ ಸಾಕು, ಅದೂ ಚಹಾದಂಗಡಿ ಇಲ್ಲದ ಜಾಗದಲ್ಲಿ ಆದರೆ ಸಾಕು ಎಂದು ತಿದ್ದಿಕೊಂಡ.

ಇಷ್ಟಕ್ಕೂ ಮಕ್ಬೂಲ ಕೆಟ್ಟ ಮನುಷ್ಯನಲ್ಲ. ಅವನ ತಂದೆ ಬುರ್ಹಾನುದ್ದೀನ್ ಕೋರ್ಟಿನ ಮುಂದೆ ಕೂತು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವರು. ಕಂಪ್ಯೂಟರ್ ಬಂದು ಆ ಕಸುಬು ಮುಳುಗಿದಾಗ ಕೆಟ್ಟುಹೋದ ಯಂತ್ರಗಳ ಗುಂಡಿಗಳನ್ನು ಬಿಚ್ಚಿ, ಒಂದು ಹಲಗೆಯ ಮೇಲೆ ತಂತಿ ಬಿಗಿದು, ಮಗನಿಗೊಂದು ಬ್ಯಾಂಜೊ ಕಟ್ಟಿಕೊಟ್ಟರು. ನಮ್ಮ ಕಡೆಯ ಬ್ಯಾಂಜೊ ಎಂದರೆ ಅದೇ: ಎಡಗೈಯಲ್ಲಿ ಗುಂಡಿ ಒತ್ತುತ್ತ, ಬಲಗೈಯಲ್ಲಿ ತಂತಿ ಮೀಟುವುದು. ಹದಿನಾಲ್ಕಕ್ಕೇ ಮಕ್ಬೂಲ ಮದುವೆ ಮೆರವಣಿಗೆಗಳಲ್ಲಿ ಕುದುರೆಯ ಮುಂದೆ ನಡೆಯುತ್ತ ಬಾರಿಸಿದ. ಈಗ ನಲವತ್ತೊಂದು. ಹಗಲಿಗೆ ಮನೆಯ ಮುಂದಿನ ಕೋಣೆಯಲ್ಲಿ ಫ್ಯಾನು, ಮಿಕ್ಸರುಗಳ ಮೋಟರ್ ವೈಂಡಿಂಗ್ ಮಾಡುತ್ತಾನೆ. ತಾಮ್ರದ ತಂತಿ ಹೊಟ್ಟೆಗೆ, ಉಕ್ಕಿನ ತಂತಿ ಜೀವಕ್ಕೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾನೆ. ದಿಲ್‌ಶಾದ್ ಆ ಜಂಬಕ್ಕೆ ಇಪ್ಪತ್ತು ವರ್ಷದಿಂದ ಮೂಗು ಮುರಿಯುತ್ತ ಬಂದಿದ್ದಾಳೆ.

ಬ್ಯಾಂಡಿನ ಹೆಸರು 'ಕೋಟೆ ಬಾಜು'. ಕೋಟೆಯ ಪಕ್ಕದ ಒಂದು ಖಾಲಿ ಗೋದಾಮಿನಲ್ಲಿ ಹುಟ್ಟಿದ್ದಕ್ಕೆ ಆ ಹೆಸರು. ಪ್ರಿಯದರ್ಶಿನಿ ಖಾಸಗಿ ಶಾಲೆಯ ಟೀಚರು. ಅರ್ಧ ಕನ್ನಡ, ಅರ್ಧ ದಖನಿಯಲ್ಲಿ ಹಾಡು ಬರೆದು ಅವಳೇ ಹಾಡುತ್ತಾಳೆ. ಬ್ರಹ್ಮಪುರದ ಮಾಳಿಂಗ ಕೊರಿಯರ್ ಹಂಚುವವನು, ಡೋಲಕ್ ಅವನದು. ಬ್ಯಾಂಜೊ ಮಕ್ಬೂಲನದು. ಸಿನಿಮಾ ಹಾಡು ಹಾಡುವುದಿಲ್ಲ, ಸ್ವಂತದ್ದೇ ಹಾಡಬೇಕು ಎಂಬ ಹಟ ಮೂವರಿಗೂ ಇತ್ತು. ಹಟಕ್ಕೆ ಜನ ಚಪ್ಪಾಳೆ ಕೊಟ್ಟರು, ಸಂಘಟಕರು ಶಾಲು ಕೊಟ್ಟರು. ದುಡ್ಡಿನ ಮಾತು ಬಂದಾಗ ಮಾತ್ರ "ಕಲಾವಿದ್ರು ನೀವು, ನಿಮಗ್ಯಾಕ್ರಿ ರೊಕ್ಕದ ಚಿಂತಿ" ಎಂದು ಕೈ ಮುಗಿದರು. ಮಕ್ಬೂಲನ ಟ್ರಂಕಿನಲ್ಲಿ ಇಪ್ಪತ್ತಾರು ಶಾಲು ಇವೆ. ಪೆಟ್ರೋಲ್ ಬಂಕಿನವನಿಗೆ ಶಾಲು ಹೊದಿಸಿದರೆ ಬಾಡಿಗೆಯ ಕ್ರೂಸರ್ ಗಾಡಿಗೆ ಡೀಸೆಲ್ ಹಾಕುತ್ತಾನೆಯೇ? ಮಾಳಿಂಗ ಒಮ್ಮೆ ತಮಾಷೆಗೆ ಕೇಳಿಯೂ ನೋಡಿದ್ದ.

ಈ ವರ್ಷ ಚಳಿಗಾಲದಲ್ಲಿ ಏಳು ಊರು ಸುತ್ತಿ ಬರೋಣ ಎಂದು ಮೂವರೂ ಗಟ್ಟಿ ಮಾಡಿದರು. ಬಾಡಿಗೆ ಕ್ರೂಸರ್, ಡ್ರೈವರನ ಭತ್ಯೆ, ಊಟ. ಮುಂಗಡಕ್ಕೆಂದು ತಲಾ ಮೂರು ಸಾವಿರ ಹಾಕಬೇಕಾಯಿತು. ಮಕ್ಬೂಲನ ಪಾಲು ದಿಲ್‌ಶಾದ್ ಕೊಟ್ಟಳು, ಬ್ಲೌಸ್ ಹೊಲಿದು ಕೂಡಿಟ್ಟದ್ದು. ಕೊಡುವಾಗ ಒಂದು ಮಾತು ಕಟ್ಟಿ ಕೊಟ್ಟಳು.

"ನೋಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಖರೆ ಈ ಮೂರು ಸಾವಿರ ವಾಪಸ್ ಮನಿಗಿ ಬರಬೇಕು. ಬಂದ್ರ ನಿಮ್ಮ ಬ್ಯಾಂಜೊ ನಿಮ್ಮ ಕೈಯಾಗ ಇರ್ಲಿ, ಜೀವ ಇರೋತನ ಬಾರಿಸ್ರಿ. ಬರಲಿಲ್ಲ ಅಂದ್ರ ಅದನ್ನ ಟ್ರಂಕಿನಾಗ ಇಟ್ಟು ನಮ್ಮಣ್ಣನ ಅಂಗಡಿಗಿ ಹೋಗಬೇಕು."

ಅಣ್ಣನದು ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರಬೇಕು, ಭಾನುವಾರವೂ ಅರ್ಧ ದಿನ. ಅಲ್ಲಿಗೆ ಹೋದರೆ ಬ್ಯಾಂಡಿನ ಕಥೆ ಮುಗಿದಂತೆಯೇ. ಮಕ್ಬೂಲ ಒಪ್ಪಿದ. ಇಪ್ಪತ್ತು ವರ್ಷದಲ್ಲಿ ಅವಳು ಕೇಳಿದ್ದು ಇದೊಂದೇ, ಒಪ್ಪದೆ ಏನು ಮಾಡುತ್ತಾನೆ?

ತಿರುಗಾಟ ಶುರುವಾಯಿತು. ಬೀದರಿನಲ್ಲಿ ಬಂದ ದುಡ್ಡು ಬಸವಕಲ್ಯಾಣದ ಡೀಸೆಲ್ಲಿಗೆ ಹೋಯಿತು, ಬಸವಕಲ್ಯಾಣದ್ದು ಸೊಲ್ಲಾಪುರದ ಸ್ಪೀಕರ್ ಬಾಡಿಗೆಗೆ. ವಿಜಯಪುರದ ಒಂದು ಕೆಫೆಯಲ್ಲಿ ಗೇಟಿನ ದುಡ್ಡಿನಲ್ಲಿ ಅರ್ಧ ಎಂದು ಮಾತಾಗಿತ್ತು. ಬಂದವರು ಮೂವತ್ತೊಂದು ಮಂದಿ, ಅದರಲ್ಲಿ ಒಂಬತ್ತು ಜನ ಕೆಫೆಯ ಓನರನ ನೆಂಟರು. ಯಾದಗಿರಿಯಲ್ಲಿ ಹಾರ, ಹಣ್ಣಿನ ಬುಟ್ಟಿ. ರಾಯಚೂರಿನಲ್ಲಿ ಶಾಲು. ಮಾಳಿಂಗನ ತಾಯಿ ದುಂಡಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹನ್ನೊಂದು ದಿನ ಅವರ ಜೀವ ಹಿಡಿದವು. ಆದರೂ ಒಂದು ಮಾತು ನಿಜ. ಆ ಹನ್ನೊಂದು ದಿನದಲ್ಲಿ ಮಕ್ಬೂಲನ ಕೈ ಎಂದೂ ಹೋಗದ ಕಡೆ ಹೋಯಿತು. ಪ್ರಿಯದರ್ಶಿನಿಯ ಒಂದು ಹಾಡಿನಲ್ಲಿ, ಅವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಮೊದಲು ಅವನು ಚಿಕ್ಕದೊಂದು ತಿರುವು ಬಾರಿಸಿ ಸುಮ್ಮನಾಗುತ್ತಿದ್ದ. ರಾಯಚೂರಿನಲ್ಲಿ ಆ ತಿರುವು ತಾನಾಗಿಯೇ ಉದ್ದವಾಯಿತು, ಮೇಲೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಕೂತು ನಿಧಾನಕ್ಕೆ ಇಳಿಯಿತು. ಮಾಳಿಂಗ ಡೋಲಕ್ ಮರೆತು ಅವನ ಮುಖ ನೋಡಿದ. ಇಷ್ಟಕ್ಕೇ ಅಲ್ಲವೇ ಜನ ಸಾಯುವುದು!

ಉಳಿದದ್ದು ಕಮಲಾಪುರ ಒಂದೇ. ಅಲ್ಲಿನ ಒಂದು ಪಿಯು ಕಾಲೇಜಿನ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ. ಹನ್ನೆರಡು ಸಾವಿರಕ್ಕೆ ಮಾತಾಗಿತ್ತು. ಗಾಡಿ, ಸ್ಪೀಕರಿಗೆ ಮೂರು ಹೋದರೆ ಉಳಿದ ಒಂಬತ್ತರಲ್ಲಿ ತಲಾ ಮೂರು. ದಿಲ್‌ಶಾದಳ ದುಡ್ಡು ಸರಿಯಾಗಿ ಮನೆಗೆ ಬರುತ್ತಿತ್ತು.

ಎರಡು ದಿನ ಮೊದಲು ಗ್ಯಾದರಿಂಗಿನ ಉಸ್ತುವಾರಿ ಉಪನ್ಯಾಸಕರು ಖಂಡೆಪ್ಪ ಸರ್ ಫೋನ್ ಮಾಡಿದರು.

"ಮಕ್ಬೂಲ್ ಭಾಯ್, ತಪ್ಪು ತಿಳೀಬ್ಯಾಡ್ರಿ. ಬಜೆಟ್ ಕಡಿಮಿ ಮಾಡ್ಯಾರ ಮ್ಯಾಲಿನವರು. ಆ ಸಾಯಿಕುಮಾರ ಅದಾರಲ್ರಿ, ಏಳಕ್ಕ ಬರ್ತೀನಿ ಅಂದಾರ. ಗಾಡಿ ಬ್ಯಾಡ, ಏನೂ ಬ್ಯಾಡ, ಬಸ್ಸಿಗೆ ಬರ್ತಾರಂತ. ಮತ್ತ ನಿಮ್ಮವೇ ಹಾಡು ಹಾಡ್ತಾರಂತಲ್ಲ. ಅದೇ ಹಾಡು, ಅದೇ ಬ್ಯಾಂಜೊ. ನಮ್ಮ ಹುಡುಗ್ರಿಗೇನು ಫರಕ್ ಬೀಳಂಗಿಲ್ರಿ."

ಅದೇ ಬ್ಯಾಂಜೊ ಎಂದರೆ ಯಾವ ಬ್ಯಾಂಜೊ ಎಂದು ಮಕ್ಬೂಲನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. 

ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಸಾಯಿಕುಮಾರ ಒಂದು ಸಣ್ಣ ರೆಕಾರ್ಡಿಂಗ್ ಡಬ್ಬಿ ಕೊಂಡು ತಂದಿದ್ದ. ಎಲ್ಲರೂ ಕೂಡಲು ಆಗದ ದಿನ ಪ್ರಾಕ್ಟೀಸಿಗೆ ಬೇಕಾಗುತ್ತದೆ ಎಂದು ಒಬ್ಬೊಬ್ಬರು ಬಾರಿಸಿದ್ದನ್ನೂ ಬೇರೆಬೇರೆಯಾಗಿ ತುಂಬಿಸಿಕೊಂಡ. ಮಕ್ಬೂಲ ಇದೇ ಗಾಜಿಪುರದ ಮನೆಯಲ್ಲಿ, ಕಿಟಕಿಗೆ ಕೌದಿ ಕಟ್ಟಿ, ಸದ್ದು ಬರುತ್ತದೆಂದು ಫ್ಯಾನು ನಿಲ್ಲಿಸಿ, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಬೆವರು ಸುರಿಸುತ್ತ ಏಳು ಹಾಡಿಗೆ ಬಾರಿಸಿದ್ದ. "ಬೇಕಾದಷ್ಟು ತಗೋ, ನಿಂದಲ್ಲದ ನಂದೇನದ" ಎಂದು ಅದನ್ನೆಲ್ಲ ತುಂಬಿದ ಪೆನ್‌ಡ್ರೈವ್ ತಾನೇ ಅವನ ಜೇಬಿಗೆ ಹಾಕಿದ್ದ. ಕಾಗದವಿಲ್ಲ, ಪತ್ರವಿಲ್ಲ. ಜೊತೆಗೆ ಬಾರಿಸುವವರು ಒಬ್ಬರಿಗೊಬ್ಬರು ಕಾಗದ ಕೇಳುತ್ತಾರೆಯೇ? ಮಾಳಿಂಗನೂ ಹಾಗೇ ಕೊಟ್ಟಿದ್ದ. ಆಮೇಲೆ ಸಾಯಿಕುಮಾರ ಬ್ಯಾಂಡು ಬಿಟ್ಟು ಹೋದ, ಡಬ್ಬಿಯೂ ಅವನ ಜೊತೆ ಹೋಯಿತು. ಅದರೊಳಗೆ ಮಕ್ಬೂಲನೂ ಹೋಗಿದ್ದ.

ಅಂದರೆ ಹುಬ್ಬಳ್ಳಿಗೆ ಹೋದದ್ದು ಮಕ್ಬೂಲನ ಬ್ಯಾಂಜೊ. ಸ್ಲೀಪರ್ ಬಸ್ಸಿನಲ್ಲಿ ಕಾಲು ಚಾಚಿದ್ದೂ ಅದೇ. ಇಷ್ಟು ದಿನ ಸಾಯಿಕುಮಾರನ ಮೇಲಿದ್ದ ಉರಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ಎಲ್ಲಿ ಬೇಕಾದರೂ ಹೋಗುತ್ತಾನಲ್ಲ ಆ ಹಾಳಾದ ಮಕ್ಬೂಲ! ಅವನಿಗೆ ಡೀಸೆಲ್ ಬೇಡ, ರೊಟ್ಟಿ ಬೇಡ, ತಂತಿ ಹರಿಯುವುದಿಲ್ಲ, ಮೊಣಕೈ ನೋಯುವುದಿಲ್ಲ. ಅವನ ಹೆಂಡತಿ ಅವನಿಂದ ಮಾತು ತೆಗೆದುಕೊಂಡಿಲ್ಲ. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಹಣೆಬರಹ ಗಾಜಿಪುರದಲ್ಲಿ ಇನ್ಯಾರಿಗೂ ಬಂದಿರಲಿಕ್ಕಿಲ್ಲ.

ಮಾಳಿಂಗ ಹಾರಾಡಿದ. "ನಡಿ ಭಾಯ್, ಹೋಗಿ ಅವನ ಕೊಳ್ಳಪಟ್ಟಿ ಹಿಡಿಯಮ್." ಪ್ರಿಯದರ್ಶಿನಿ ಮಾತ್ರ ತಣ್ಣಗಿದ್ದಳು. "ಹಾಡು ನಂದು. ಹಾಡ್ಲಿ ಬಿಡ್ರಿ. ನಾವು ಹೋಗದ ಊರಿಗರೆ ಹೋಗ್ತದ." ಆ ದೊಡ್ಡತನ ನೋಡಿ ಮಕ್ಬೂಲನಿಗೆ ಅವಳ ಮೇಲೂ ಸಿಟ್ಟು ಬಂತು. ತಿಂಗಳ ಸಂಬಳ ಇರುವವರಿಗೆ ದೊಡ್ಡ ಮನಸ್ಸು ಸುಲಭ ಅಂದುಕೊಂಡ. ರಜೆ ಹಾಕಿದ್ದಕ್ಕೆ ಅವಳ ಸಂಬಳವೂ ಕತ್ತರಿಸಿತ್ತು ಎಂಬುದು ಆಗ ನೆನಪಾಗಲಿಲ್ಲ. ನೆನಪಾಗಿದ್ದರೂ ಅಂದುಕೊಳ್ಳುತ್ತಿದ್ದ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಅವನು ಯಾರಿಗೂ ಹೇಳದೆ ಬ್ಯಾಂಜೊದ ಚೀಲ ಹೆಗಲಿಗೆ ಹಾಕಿಕೊಂಡು ಹುಮನಾಬಾದ್ ಕಡೆಯ ಬಸ್ಸು ಹತ್ತಿದ. ಜಗಳಕ್ಕೆ ಹೊರಟವನು ವಾದ್ಯ ಯಾಕೆ ಒಯ್ದ? ಅವನಿಗೇ ಗೊತ್ತಿಲ್ಲ. ಕಮಲಾಪುರದ ಸ್ಟ್ಯಾಂಡಿನಲ್ಲಿ ಇಳಿದಾಗ ಕೆಂಪು ಬಾಳೆಹಣ್ಣಿನ ಗಾಡಿಯವರು ಕೂಗುತ್ತಿದ್ದರು. ಅವನು ತಲೆ ತಗ್ಗಿಸಿ ನೇರ ಕಾಲೇಜಿಗೆ ನಡೆದ.

ಶಾಮಿಯಾನದ ಕೆಳಗೆ ನಾನೂರು ಹುಡುಗ ಹುಡುಗಿಯರು. ವೇದಿಕೆಯ ಮೇಲೆ ಸಾಯಿಕುಮಾರ, ಕೊರಳಿಗೆ ಗಿಟಾರು, ಪಕ್ಕದ ಸ್ಟೂಲಿನ ಮೇಲೆ ಫೋನು, ಫೋನಿನಿಂದ ಸ್ಪೀಕರಿಗೆ ಒಂದು ವಯರು. ಮಕ್ಬೂಲ ಹಿಂದೆ, ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ನಿಂತ. ಸಾಯಿಕುಮಾರ ಫೋನು ಒತ್ತಿದ. ಬ್ಯಾಂಜೊ ಎದ್ದಿತು.

ಎಷ್ಟು ಚೆನ್ನಾಗಿತ್ತು! ಅದೇ ಸಂಕಟ. ಕೆಟ್ಟದಾಗಿದ್ದರೆ ನಕ್ಕು ಹೋಗಬಹುದಿತ್ತು. ಒಂದು ಸ್ವರವೂ ಆಚೀಚೆ ಆಗಲಿಲ್ಲ. ಹುಡುಗರು ಸಿಳ್ಳೆ ಹಾಕಿದರು. ನೀರು ಕುಡಿಯಲು ಬಂದ ಒಬ್ಬ ಗೆಳೆಯನ ಬೆನ್ನಿಗೆ ಗುದ್ದಿ, "ಆ ಬ್ಯಾಂಜೊ ಕೇಳಲೇ, ಮೈ ಜುಮ್ ಅಂತದ" ಅಂದ. ಮಕ್ಬೂಲ ಚೀಲವನ್ನು ಹೆಗಲಿನಿಂದ ಇಳಿಸಿ ಎದೆಗೆ ಹಿಡಿದ. ನಾನೇ ಅದು ಅಂದರೆ ಯಾರು ನಂಬುತ್ತಾರೆ? ಡ್ರಮ್ಮಿನ ಪಕ್ಕ ಚೀಲ ಹಿಡಿದು ನಿಂತ ಮುದಿಯಾಗುತ್ತಿರುವ ಒಬ್ಬ ಮನುಷ್ಯ.

ಎರಡನೆಯ ಹಾಡು ಮುಗಿದಾಗ ಸಾಯಿಕುಮಾರ ಅವನನ್ನು ಕಂಡ. ತಪ್ಪಿಸಿಕೊಳ್ಳುತ್ತಾನೆ, ಮುಖ ಬಾಡಿಸುತ್ತಾನೆ ಎಂದು ಮಕ್ಬೂಲ ಕಾದದ್ದಷ್ಟೇ ಬಂತು. ಆ ಪುಣ್ಯಾತ್ಮ ಮೈಕಿನಲ್ಲೇ ಕೂಗಿದ: "ಏ ಭಾಯ್! ಬರ್ರಿ ಮ್ಯಾಲ! ಇಲ್ಲಿ ನೋಡ್ರಿ ಎಲ್ಲಾರೂ, ನೀವು ಈಗ ಕೇಳಿದ್ರಲ್ಲ ಬ್ಯಾಂಜೊ, ಅದನ್ನ ಬಾರಿಸಿದ ಉಸ್ತಾದ್ ಇವರೇ. ನಮ್ಮ ಮಕ್ಬೂಲ್ ಭಾಯ್!" ನಾನೂರು ತಲೆ ಹಿಂದೆ ತಿರುಗಿದವು. ಚಪ್ಪಾಳೆ ಬಿತ್ತು. ಜಗಳದ ಮಾತುಗಳನ್ನೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಕ್ಬೂಲ ಅವನ್ನು ನುಂಗಿಕೊಂಡು ವೇದಿಕೆ ಹತ್ತಿದ. ಹತ್ತುವಾಗ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಬೇಕು.

ಬ್ಯಾಂಜೊ ತೊಡೆಯ ಮೇಲೆ ಇಟ್ಟುಕೊಂಡ. ಮುಂದೆ ಒಂದು ಮೈಕು ಇಟ್ಟರು. ಆ ಉಸಿರಿನ ಜಾಗದ ಹಾಡನ್ನೇ ಹೇಳು ಎಂದ. ಈ ಊರಿನವರು ರಾಯಚೂರಿನ ತಿರುವು ಕೇಳಲಿ, ಆ ಡಬ್ಬಿಯ ಮಕ್ಬೂಲನೂ ಕೇಳಲಿ. ಸಾಯಿಕುಮಾರ ಫೋನಿನತ್ತ ಕೈ ಚಾಚಿದ.

"ಟ್ರ್ಯಾಕ್ ಬ್ಯಾಡೋ," ಮಕ್ಬೂಲ ಪಿಸುಗುಟ್ಟಿದ. "ನಾ ಇದೀನಲ್ಲ."

"ಟ್ರ್ಯಾಕ್ ಇಲ್ಲಂದ್ರ ಡೋಲಕ್ ಎಲ್ಲಿಂದ ತರ್ಲಿ ಭಾಯ್? ಎಲ್ಲಾ ಒಂದರಾಗೇ ಕೂಡ್ಯಾವ, ನಿಮ್ಮದಷ್ಟೇ ತೆಗಿಯಾಕ ಬರಂಗಿಲ್ಲ. ಜೋಡಿ ಬಾರಿಸ್ರಿ, ಮಸ್ತ್ ಬರ್ತದ."

ಹಾಡು ಶುರುವಾಯಿತು. ಬ್ಯಾಂಜೊ ಎರಡಾದವು. ಮೊದಲೆರಡು ಸಾಲು ಎರಡೂ ಹೆಗಲಿಗೆ ಹೆಗಲು ಕೊಟ್ಟು ಹೋದವು. ಉಸಿರಿನ ಜಾಗ ಬಂತು. ಡಬ್ಬಿಯವನು ಚಿಕ್ಕ ತಿರುವು ಬಾರಿಸಿ ಮುಂದಕ್ಕೆ ನಡೆದುಬಿಟ್ಟ. ಮಕ್ಬೂಲ ಮೇಲಕ್ಕೆ ಹೋದ. ರಾಯಚೂರಿನಲ್ಲಿ ಅವನಿಗಾಗಿ ಪ್ರಿಯದರ್ಶಿನಿ ಉಸಿರು ಹಿಡಿದು ಕಾದಿದ್ದಳು, ಮಾಳಿಂಗ ಕೈ ಎತ್ತಿ ಕಾದಿದ್ದ. ಇಲ್ಲಿ ಯಾರೂ ಕಾಯಲಿಲ್ಲ. ತಿರುವು ಮೇಲೆ ತಲುಪುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿತ್ತು, ಎರಡು ಬ್ಯಾಂಜೊ ಒಂದರ ಕಾಲು ಒಂದು ತುಳಿದವು. ಮುಂದಿನ ಸಾಲಿನ ಹುಡುಗಿಯರು ಮುಖ ಕಿವುಚಿದರು. ಸಾಯಿಕುಮಾರ ಹಾಡುತ್ತಲೇ ಓರೆಗಣ್ಣಿನಲ್ಲಿ ನೋಡಿದ.

ಖಂಡೆಪ್ಪ ಸರ್ ವೇದಿಕೆಯ ಅಂಚಿಗೆ ಓಡಿ ಬಂದು ಕೈ ಕೆಳಗೆ ಮಾಡಿ ತೋರಿಸಿದರು. "ಭಾಯ್, ಜರಾ ಸಣ್ಣಗ ಬಾರಿಸ್ರಿ. ಬ್ಯಾಂಜೊ ಕೇಳಂಗಿಲ್ಲ!"

ಮಕ್ಬೂಲ ಅವರ ಮುಖ ನೋಡಿದ. ಆ ಮನುಷ್ಯ ಕುಚೋದ್ಯ ಮಾಡುತ್ತಿರಲಿಲ್ಲ. ಕಾರ್ಯಕ್ರಮ ಕೆಡಬಾರದು ಎಂಬ ಕಳಕಳಿಯಿಂದ ಬೆವರಿದ್ದರು. ಮಕ್ಬೂಲ ಎರಡೂ ಕೈ ವಾದ್ಯದಿಂದ ತೆಗೆದ. ಬ್ಯಾಂಜೊ ನಿಲ್ಲಲಿಲ್ಲ. ಕೈ ಗಾಳಿಯಲ್ಲಿತ್ತು, ಸ್ಪೀಕರಿನಲ್ಲಿ ಅವನು ಬಾರಿಸುತ್ತಲೇ ಇದ್ದ, ಇನ್ನೂ ಜೋರಾಗಿ, ಇನ್ನೂ ಸರಿಯಾಗಿ. ಹುಡುಗರು ಅವನತ್ತಲೇ ಫೋನು ಹಿಡಿದು ಕುಣಿಯುತ್ತಿದ್ದರು. ಒಬ್ಬರಿಗೂ ಫರಕ್ ಬೀಳಲಿಲ್ಲ.  ಕೊನೆಗೆ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ಬೆರಳನ್ನು ಗುಂಡಿಗಳ ಮೇಲೆ, ಮುಟ್ಟದೆ, ಆಡಿಸತೊಡಗಿದ. ಹಾಡು ಮುಗಿದಾಗ ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಬಿತ್ತು.

ಕೆಳಗಿಳಿದ ಮೇಲೆ ಸಾಯಿಕುಮಾರ ಅವನನ್ನು ಪಕ್ಕಕ್ಕೆ ಕರೆದು ಐನೂರರ ಆರು ನೋಟು ಕೈಗಿಟ್ಟ. "ಮೊದಲೇ ಕೊಡಬೇಕಿತ್ತು ಭಾಯ್. ನನ್ನ ಮ್ಯಾಲ ಸಿಟ್ಟಿರಬೇಕು ನಿಮಗ. ಒಂದು ಮಾತು ಹೇಳ್ಲೇನು? ನನ್ನ ಜೋಡಿ ಬಂದ್ಬಿಡ್ರಿ. ತಿಂಗಳಿಗಿ ನಾಕೈದು ಕಾರ್ಯಕ್ರಮ ಸಿಗ್ತಾವ. ಬಾಜು ಕುಂತ್ರ ಸಾಕು, ಸ್ಟೇಜ್ ತುಂಬಿ ಕಾಣ್ತದ. ನನಗೂ ಒಬ್ಬನೇ ಉಣ್ಣಾಕ ಬ್ಯಾಸರ ಆಗ್ಯಾದ."

ಒಬ್ಬನೇ ಉಣ್ಣುವ ಬೇಸರದ ಮಾತನ್ನು ಮಕ್ಬೂಲ ನಂಬಲಿಲ್ಲ. ಸ್ಲೀಪರ್ ಬಸ್ಸಿನವನಿಗೆ ಎಂಥ ಬೇಸರ? ಆದರೆ ದುಡ್ಡು ತೆಗೆದುಕೊಂಡ. ಬೇಡ ಎಂದು ಎಸೆದು ಬರುವ ಗತ್ತು ಕಥೆಯೊಳಗಿನವರಿಗೆ ಸರಿ, ಮನೆಯಲ್ಲಿ ಬ್ಲೌಸ್ ಹೊಲಿದವಳು ಕಾಯುತ್ತಿದ್ದಳು. ಆರು ಊರು ಬೆವರು ಸುರಿಸಿ ಬಾರಿಸಿದ್ದಕ್ಕೆ ಸಿಗದ ಮೂರು ಸಾವಿರ, ಕೈ ಎತ್ತಿ ಕೂತದ್ದಕ್ಕೆ ಸಿಕ್ಕಿತು.

ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದ. ಮಷಿನಿನ ಮುಂದೆ ಕೂತಿದ್ದ ದಿಲ್‌ಶಾದಳ ತೊಡೆಯ ಮೇಲೆ ನೋಟುಗಳನ್ನಿಟ್ಟ. ಅವಳು ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಮುಖ ಅರಳಿತು. ಅವಳಿಗೂ ಅಣ್ಣನ ಅಂಗಡಿಗೆ ಗಂಡನನ್ನು ಕಳಿಸುವ ಆಸೆ ಒಳಗೊಳಗೆ ಇರಲಿಲ್ಲವೆಂದು ಆ ಮುಖ ನೋಡಿದವರಿಗೆ ತಿಳಿಯುತ್ತಿತ್ತು.

"ಕಮಲಾಪುರದಾಗ ಬಂತೇನು? ಅಂದ್ರ ನೀವ್ ಗೆದ್ರಿ. ನಾ ಸೋತೆ. ಅಂಗಡಿ ಮಾತು ಇನ್ನ ಎತ್ತಂಗಿಲ್ಲ, ಹೋಗ್ರಿ, ಬಾರಿಸ್ಕೊಂಡು ಇರ್ರಿ."

"ಅದು ನಾ ಗಳಿಸಿದ್ದಲ್ಲ," ಅಂದ ಮಕ್ಬೂಲ. "ಬ್ಯಾರೇ ಒಬ್ಬ ಬ್ಯಾಂಜೊದವ ಇದ್ದ. ಅವಂದು."

"ಅಯ್ಯ, ಯಾರಂವ? ನಿಮಗಿಂತ ಛಲೋ ಬಾರಸ್ತಾನೇನು?"

 ಇದಕ್ಕೆ ಮಕ್ಬೂಲನಿಗೆ ಸುಳ್ಳು ಹೇಳಬೇಕಾಗಿರಲಿಲ್ಲ.

"ಇಲ್ಲ," ಅಂದ. "ಅಂವ ಏನೂ ಕೇಳಂಗಿಲ್ಲ, ಅಷ್ಟ."

ಆಮೇಲೆ ಹೆಗಲಿನಿಂದ ಚೀಲ ಇಳಿಸುತ್ತ ಕೇಳಿದ: "ನಿಮ್ಮಣ್ಣ ಮುಂಜಾನಿ ಅಂಗಡಿ ಎಷ್ಟಕ್ಕ ತೆಗೀತಾನ?"